ಆರು ಮಕ್ಕಳ ತಂದೆ, ಸಾಲದ ಕಾರಿನ ಪ್ರಧಾನಿ

ಮಾನ್ಯ ಸಂಪಾದಕರೇ,

ನಮಸ್ಕಾರ. ಅಕ್ಟೋಬರ್ 2 ಬಂದರೆ ಎಲ್ಲ ಪತ್ರಿಕೆಗಳ ಮೊದಲ ಪುಟದಲ್ಲಿ ಗಾಂಧೀಜಿ ಇರುತ್ತಾರೆ. ಇರಲೇಬೇಕು. ಅವರ ಪಕ್ಕದಲ್ಲಿ ಒಂದು ಪುಟ್ಟ ಚೌಕದೊಳಗೆ ಬಿಳಿ ಟೋಪಿ ಹಾಕಿಕೊಂಡ ಲಾಲ್ ಬಹದ್ದೂರ್ ಶಾಸ್ತ್ರಿಯವರೂ ಇರುತ್ತಾರೆ. ಕೆಳಗೆ ಜೈ ಜವಾನ್ ಜೈ ಕಿಸಾನ್, ಸರಳತೆಗೆ ಹೆಸರಾದವರು ಅಂತ ಎರಡು ಸಾಲು. ಅಲ್ಲಿಗೆ ಮುಗಿಯಿತು. ಜನವರಿ 11, ಅವರು ತೀರಿಕೊಂಡ ದಿನ, ಅದೂ ಇಲ್ಲ. ಅವತ್ತು ನನ್ನ ಮೊಬೈಲ್‌ಗೆ ಬರುವ ಸಂದೇಶಗಳೆಲ್ಲ ತಾಷ್ಕೆಂಟಿನಲ್ಲಿ ಅವರು ಹೇಗೆ ಸತ್ತರು ಅನ್ನುವ ಬಗ್ಗೆಯೇ. ಅವರು ಮನೆಯಲ್ಲಿ ಹೇಗಿದ್ದರು, ಹೆಂಡತಿ ಮಕ್ಕಳನ್ನು ಹೇಗೆ ನೋಡಿಕೊಂಡರು, ತಿಂಗಳ ಖರ್ಚು ಹೇಗೆ ಸರಿದೂಗಿಸಿದರು, ಇದನ್ನು ಯಾರೂ ಕೇಳುವುದಿಲ್ಲ. ಅದನ್ನು ನೆನಪಿಸೋಣ ಅಂತಲೇ ಈ ಪತ್ರ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಆಗುತ್ತದೆ, ದಯವಿಟ್ಟು ಜಾಗ ಕೊಡಿ.

ನಾನು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತೆಯಾಗಿ ಸೇರಿ ಅಲ್ಲೇ ನಿವೃತ್ತಿಯಾದವಳು. ಫೈಲು, ಟಪಾಲು, ಜನರ ಅರ್ಜಿ, ಇವುಗಳ ನಡುವೆಯೇ ಬದುಕು ಕಳೆಯಿತು. ಅಲ್ಲಿ ಗಿಂಬಳ ತೆಗೆದುಕೊಳ್ಳುವವರನ್ನು ನೋಡಿದ್ದೇನೆ. ಅವರಲ್ಲಿ ಎಲ್ಲರೂ ಕೆಟ್ಟವರಾಗಿರಲಿಲ್ಲ ಅನ್ನುವುದನ್ನು ಹೇಳಲೇಬೇಕು. ಒಳ್ಳೆಯ ಮಾತಿನವರು, ಕಷ್ಟಕ್ಕೆ ಆಗುವವರು, ಹಬ್ಬಕ್ಕೆ ಹೋಳಿಗೆ ತಂದು ಹಂಚುವವರು. ಯಾಕೆ ಹೀಗೆ ಮಾಡುತ್ತೀರಿ ಅಂದರೆ ಎಲ್ಲರ ಬಾಯಲ್ಲೂ ಒಂದೇ ಮಾತು. ‘ಮಕ್ಕಳು ಮರಿ ಇದ್ದಾರಲ್ರೀ, ಏನು ಮಾಡೋದು?’ ಮಗನ ಇಂಜಿನಿಯರಿಂಗ್ ಸೀಟು, ಮಗಳ ಮದುವೆ, ಒಂದು ಸೈಟು, ಅದರ ಮೇಲೊಂದು ಮನೆ. ಸಂಸಾರವನ್ನು ಪ್ರೀತಿಸುವವನು ಕೈ ಚಾಚಲೇಬೇಕು, ಚಾಚದವನಿಗೆ ಸಂಸಾರದ ಮೇಲೆ ಅಕ್ಕರೆಯಿಲ್ಲ ಅನ್ನುವಷ್ಟರ ಮಟ್ಟಿಗೆ ಈ ಮಾತು ನಮ್ಮಲ್ಲಿ ಬೇರು ಬಿಟ್ಟಿದೆ. ಲಂಚ ಮುಟ್ಟದ ಅಧಿಕಾರಿಯ ಬಗ್ಗೆ ‘ಪಾಪ, ಮನೆಗೆ ಏನೂ ಮಾಡಲಿಲ್ಲ’ ಅಂತ ಮರುಗುವವರನ್ನೂ ಕಂಡಿದ್ದೇನೆ.

ಈ ಮಾತು ಕೇಳಿದಾಗಲೆಲ್ಲ ನನಗೆ ಶಾಸ್ತ್ರಿಯವರೇ ನೆನಪಾಗುತ್ತಾರೆ. ಅವರೂ ಸಂಸಾರಸ್ಥರೇ. ನಾಲ್ಕು ಗಂಡು, ಎರಡು ಹೆಣ್ಣು, ಒಟ್ಟು ಆರು ಮಕ್ಕಳನ್ನು ಬೆಳೆಸಿದವರು. ಹರಿಕೃಷ್ಣ, ಅನಿಲ್, ಸುನಿಲ್, ಅಶೋಕ್, ಕುಸುಮ್, ಸುಮನ್. ಮನೆಯಲ್ಲಿ ವಯಸ್ಸಾದ ತಾಯಿ ಬೇರೆ. ಮಕ್ಕಳು ಮರಿ ಇದ್ದಾರೆ ಅನ್ನುವ ಮಾತು ಆಡಲು ಅವರಿಗಿಂತ ಜಾಸ್ತಿ ಹಕ್ಕು ಯಾರಿಗಿತ್ತು?

ಅನಾಥ ಸಂಸಾರ ಅಂದರೆ ಏನು ಅಂತಲೂ ಅವರಿಗೆ ಗೊತ್ತಿತ್ತು. 1904ರಲ್ಲಿ ಕಾಶಿಯ ಹತ್ತಿರದ ಮುಘಲ್‌ಸರಾಯ್‌ನಲ್ಲಿ, ತಾಯಿಯ ತವರಿನಲ್ಲಿ ಹುಟ್ಟಿದರು. ತಂದೆ ಶಾರದಾ ಪ್ರಸಾದ್ ಮೊದಲು ಶಾಲಾ ಮಾಸ್ತರರು, ಆಮೇಲೆ ಅಲಹಾಬಾದಿನಲ್ಲಿ ಕಂದಾಯ ಕಚೇರಿಯ ಗುಮಾಸ್ತರು. ಅಂದರೆ ನಮ್ಮಂಥವರೇ. ಮಗುವಿಗೆ ಒಂದೂವರೆ ವರ್ಷ ಆಗಿದ್ದಾಗ ಪ್ಲೇಗ್ ಬಂದು ತಂದೆ ಹೋದರು. ತಾಯಿ ರಾಮದುಲಾರಿ ಆಗ ಇನ್ನೂ ಹರೆಯದ ಹೆಂಗಸು. ತವರಿಗೆ ಬಂದರು. ತವರಿನವರ ಆಸರೆಯಲ್ಲಿ ಮಕ್ಕಳನ್ನು ಸಾಕಿದರು. ದೋಣಿಗೆ ಕಾಸಿಲ್ಲದೆ ಹೊಳೆ ಈಜಿದ ಕಥೆಯೊಂದನ್ನೇ ನಮ್ಮ ಮಕ್ಕಳು ಶಾಲೆಯಲ್ಲಿ ಕಲಿಯುತ್ತಾರೆ. ಅದಕ್ಕಿಂತ ಈ ತಾಯಿಯ ಕಥೆ ದೊಡ್ಡದು. ಸತ್ತ ಗುಮಾಸ್ತನ ಹೆಂಡತಿಗೆ ಆ ಕಾಲದಲ್ಲಿ ಯಾವ ಪಿಂಚಣಿ, ಯಾವ ಅನುಕಂಪದ ನೌಕರಿ? ಮಗ ಓದಿ ಮುಗಿಸಿ ಒಂದು ಕೆಲಸ ಹಿಡಿದರೆ ಸಾಕು ಅಂತ ಇಡೀ ಮನೆ ಕಾಯುತ್ತಿತ್ತು. ಆದರೆ 1921ರಲ್ಲಿ ಗಾಂಧೀಜಿಯ ಮಾತು ಕೇಳಿದ ಹುಡುಗ ಪರೀಕ್ಷೆ ಹತ್ತಿರ ಇರುವಾಗಲೇ ಶಾಲೆ ಬಿಟ್ಟ. ಆಮೇಲೆ ಕಾಶಿ ವಿದ್ಯಾಪೀಠ ಸೇರಿ ಶಾಸ್ತ್ರಿ ಪದವಿ ಪಡೆದರು. ಹುಟ್ಟಿನ ಜಾತಿ ಹೇಳುವ ಅಡ್ಡಹೆಸರನ್ನು ಅದಕ್ಕೂ ಮುಂಚೆಯೇ ಕಿತ್ತು ಹಾಕಿದ್ದರು. ಆ ಜಾಗದಲ್ಲಿ ಓದಿನಿಂದ ಬಂದ ಹೆಸರು ಕೂತಿತು.

1928ರಲ್ಲಿ ಮಿರ್ಜಾಪುರದ ಲಲಿತಾ ಅವರನ್ನು ಮದುವೆಯಾದರು. ವರದಕ್ಷಿಣೆ ಅಂತ ಒಪ್ಪಿಕೊಂಡದ್ದು ಒಂದು ಚರಕ ಮತ್ತು ಕೆಲವು ಗಜ ಖಾದಿ ಬಟ್ಟೆ. ಅಷ್ಟೇ. ಆಗ ಅವರು ಲಾಲಾ ಲಜಪತ್ ರಾಯ್ ಕಟ್ಟಿದ್ದ ಲೋಕ ಸೇವಕ ಮಂಡಲದಲ್ಲಿ ಕೆಲಸ ಮಾಡುತ್ತಿದ್ದರು. ಜೀವನಕ್ಕೆ ಅಂತ ಸಂಸ್ಥೆ ಸ್ವಲ್ಪ ಹಣ ಕೊಡುತ್ತಿತ್ತು. ಅವರು ಜೈಲಿನಲ್ಲಿದ್ದಾಗ ಅದು ಮನೆಗೆ ಹೋಗುತ್ತಿತ್ತು, ತಿಂಗಳಿಗೆ 50 ರೂಪಾಯಿ. ಸಾಲುತ್ತದಾ ಅಂತ ಹೆಂಡತಿಗೆ ಕಾಗದ ಬರೆದು ಕೇಳಿದರಂತೆ. ಸಾಲುತ್ತದೆ, 40ರಲ್ಲೇ ಮುಗಿಸಿ 10 ಉಳಿಸುತ್ತಿದ್ದೇನೆ ಅಂತ ಲಲಿತಾ ಉತ್ತರ ಬರೆದರು. ಕೂಡಲೇ ಶಾಸ್ತ್ರಿಯವರು ಸಂಸ್ಥೆಗೆ ಬರೆದರು. ನನ್ನ ಮನೆಗೆ 40 ಸಾಕು, ಆ 10 ರೂಪಾಯಿ ಇನ್ನೂ ಕಷ್ಟದಲ್ಲಿರುವ ಯಾರಿಗಾದರೂ ಕೊಡಿ ಅಂತ. ಈ ಸಂಗತಿಯನ್ನು ಹೇಳುವವರೆಲ್ಲ ಶಾಸ್ತ್ರಿಯವರನ್ನು ಹೊಗಳುತ್ತಾರೆ. ನಾನು ಮೊದಲು ಲಲಿತಾ ಅವರನ್ನು ಹೊಗಳುತ್ತೇನೆ. ಗಂಡ ಜೈಲಿನಲ್ಲಿ, ಮನೆ ತುಂಬ ಜನ, 50 ರೂಪಾಯಿಯಲ್ಲಿ 10 ಉಳಿಸಿದ ಹೆಣ್ಣುಮಗಳು ಆಕೆ. ಆ ಉಳಿತಾಯವೂ ಕೈತಪ್ಪಿ ಹೋದಾಗ ಆಕೆಗೆ ಏನನ್ನಿಸಿರಬಹುದು?

ಸ್ವಾತಂತ್ರ್ಯ ಬರುವುದರೊಳಗೆ ಶಾಸ್ತ್ರಿಯವರು ಬೇರೆ ಬೇರೆ ಸಲ ಸೇರಿ ಹಲವು ವರ್ಷ ಜೈಲಿನಲ್ಲೇ ಕಳೆದರು. ಒಮ್ಮೆ ಲಲಿತಾ ನೋಡಲು ಹೋದಾಗ ಸೆರಗಿನ ಮರೆಯಲ್ಲಿ ಎರಡು ಮಾವಿನ ಹಣ್ಣು ತಂದಿದ್ದರು. ಗಂಡನಿಗೆ ಇಷ್ಟ ಅಂತ. ಹೊರಗಿನ ತಿನಿಸು ಒಳಗೆ ತರಬಾರದು ಅನ್ನುವುದು ಜೈಲಿನ ನಿಯಮ. ಶಾಸ್ತ್ರಿಯವರು ಹೆಂಡತಿಯ ಮೇಲೆಯೇ ಬೇಸರ ಮಾಡಿಕೊಂಡು ಪ್ರತಿಭಟಿಸಿದರು. ಬ್ರಿಟಿಷರ ಜೈಲು, ಬ್ರಿಟಿಷರ ನಿಯಮ, ಅದನ್ನು ಮುರಿದರೆ ಏನಾಗುತ್ತಿತ್ತು ಅಂತ ನಮಗೆ ಅನ್ನಿಸಬಹುದು. ಅವರಿಗೆ ಹಾಗೆ ಅನ್ನಿಸಲಿಲ್ಲ. ಕಾನೂನನ್ನು ಎಲ್ಲರೆದುರು ಮುರಿದು ಶಿಕ್ಷೆಗೆ ತಲೆಯೊಡ್ಡುವುದು ಬೇರೆ, ಕದ್ದು ಮುರಿಯುವುದು ಬೇರೆ, ಅಲ್ವಾ?

ಅವರು ಜೈಲಿನಲ್ಲಿದ್ದಾಗಲೇ ಮಗಳೊಬ್ಬಳಿಗೆ ಕಾಯಿಲೆ ಜೋರಾಯಿತು. 15 ದಿನದ ಪೆರೋಲ್ ಸಿಕ್ಕಿತು. ಮಗು ಉಳಿಯಲಿಲ್ಲ. ಅಂತ್ಯಕ್ರಿಯೆ ಮುಗಿಸಿ, ಪೆರೋಲಿನ ದಿನಗಳು ಇನ್ನೂ ಬಾಕಿ ಇರುವಾಗಲೇ ಅವರು ಜೈಲಿಗೆ ವಾಪಸ್ ಹೋದರು. ರಜೆ ಕೊಟ್ಟದ್ದು ಮಗಳ ಆರೈಕೆಗೆ, ಮಗಳೇ ಇಲ್ಲದ ಮೇಲೆ ಆ ರಜೆ ನನ್ನದಲ್ಲ ಅನ್ನುವ ಲೆಕ್ಕ.

ಇದನ್ನು ನಾನು ಎಷ್ಟು ಸಲ ಓದಿದರೂ ನುಂಗಿಕೊಳ್ಳಲು ಆಗುವುದಿಲ್ಲ. ಉಳಿದ ದಿನಗಳಾದರೂ ಹೆಂಡತಿಯ ಹತ್ತಿರ ಕೂತು ಅತ್ತಿದ್ದರೆ ಯಾರು ಕೇಳುತ್ತಿದ್ದರು? ಮಗುವನ್ನು ಕಳೆದುಕೊಂಡ ತಾಯಿಗೆ ಆ ದಿನಗಳಲ್ಲಿ ಗಂಡ ಬೇಡವಾಗಿತ್ತೇ? ಇಲ್ಲಿ ಮಾತ್ರ ನನ್ನ ಮನಸ್ಸು ಪೂರ್ತಿ ಅವರ ಪರ ನಿಲ್ಲುವುದಿಲ್ಲ. ನಿಲ್ಲಬೇಕು ಅಂತಲೂ ನನಗೆ ಅನ್ನಿಸುವುದಿಲ್ಲ. ದೊಡ್ಡವರನ್ನು ನೆನೆಯುವಾಗ ಅವರ ಮನೆಯವರು ತೆತ್ತ ಬೆಲೆಯನ್ನೂ ಸೇರಿಸಿಯೇ ಹೇಳಬೇಕು. ಇಲ್ಲದಿದ್ದರೆ ಅದು ಬರೀ ಭಾಷಣ ಆಗುತ್ತದೆ.

ಆದರೆ ಮನೆಯ ಮೇಲೆ ಅಕ್ಕರೆಯಿಲ್ಲದ ಮನುಷ್ಯ ಅವರಲ್ಲ. ಮಗ ಅನಿಲ್ ಶಾಸ್ತ್ರಿಯವರು ಹೇಳಿರುವ ಒಂದು ಸಂಗತಿ ನನಗೆ ತುಂಬ ಇಷ್ಟ. ಹುಡುಗ ಅನಿಲ್ ಹಿರಿಯರಿಗೆ ನಮಸ್ಕಾರ ಮಾಡುವಾಗ ಸುಮ್ನೆ ಬಗ್ಗುತ್ತಿದ್ದ, ಕೈ ಪಾದ ಮುಟ್ಟುತ್ತಿರಲಿಲ್ಲ. ತಂದೆ ಅದನ್ನು ಗಮನಿಸಿ ಒಂದು ದಿನ ಹೇಳಿದರು. ಇಲ್ಲ, ಮುಟ್ಟುತ್ತೇನೆ ಅಂತ ಹುಡುಗ ವಾದ ಮಾಡಿದ. ಆಗ ಶಾಸ್ತ್ರಿಯವರು ತಾವೇ ಬಗ್ಗಿ ಮಗನ ಪಾದ ಮುಟ್ಟಿ, ಹೀಗೆ ಮಾಡಬೇಕು ಅಂತ ತೋರಿಸಿಕೊಟ್ಟರು. ಬೈಯಲಿಲ್ಲ, ಹೊಡೆಯಲಿಲ್ಲ. ನಮ್ಮ ಕಡೆ ಎಷ್ಟು ಜನ ಅಪ್ಪಂದಿರು ಹೀಗೆ ಮಾಡಿಯಾರು? ಕೈಯೆತ್ತರದ ಮಗನ ಮುಂದೆ ತಂದೆ ಬಗ್ಗಿದರೆ ಆ ಮಗ ಅದನ್ನು ಬದುಕಿರುವವರೆಗೆ ಮರೆಯುವುದಿಲ್ಲ.

ಹಳೆಯ ಕುರ್ತಾಗಳು ಹರಿದರೂ ಎಸೆಯಲು ಬಿಡುತ್ತಿರಲಿಲ್ಲವಂತೆ. ಚಳಿಗಾಲ ಬರಲಿ, ಕೋಟಿನ ಒಳಗೆ ಹಾಕಿಕೊಂಡರೆ ಯಾರಿಗೂ ಕಾಣುವುದಿಲ್ಲ ಅನ್ನುತ್ತಿದ್ದರು. ಪೂರ್ತಿ ಹರಿದ ಮೇಲೆ ಲಲಿತಾ ಅದರಿಂದ ಕರವಸ್ತ್ರ ಹೊಲಿಯುತ್ತಿದ್ದರು. ನಮ್ಮ ಅವ್ವಂದಿರು ಹಳೆ ಸೀರೆಯಿಂದ ಕೌದಿ ಹೊಲಿದ ಹಾಗೆ. ಕೇಂದ್ರ ಮಂತ್ರಿಯ ಮನೆಯ ಮಾತು ಇದು.

ಅವರು ಏರಿದ ಹುದ್ದೆಗಳು ಎಲ್ಲರಿಗೂ ಗೊತ್ತಿರುವುದೇ, ಬೇಗ ಹೇಳಿ ಮುಗಿಸುತ್ತೇನೆ. ಸ್ವಾತಂತ್ರ್ಯ ಬಂದಾಗ ಉತ್ತರ ಪ್ರದೇಶದಲ್ಲಿ ಪೊಲೀಸ್ ಮತ್ತು ಸಾರಿಗೆ ಮಂತ್ರಿ. 1952ರಲ್ಲಿ ದೆಹಲಿಯಲ್ಲಿ ರೈಲ್ವೆ ಮಂತ್ರಿ. 1956ರ ಸೆಪ್ಟೆಂಬರ್‌ನಲ್ಲಿ ಮೆಹಬೂಬ್‌ನಗರದ ಹತ್ತಿರ ರೈಲು ಅಪಘಾತವಾಗಿ ನೂರಕ್ಕೂ ಹೆಚ್ಚು ಜನ ಸತ್ತಾಗ ರಾಜೀನಾಮೆ ಕೊಟ್ಟರು. ನೆಹರೂ ಒಪ್ಪಲಿಲ್ಲ. ಮೂರು ತಿಂಗಳೊಳಗೆ ತಮಿಳುನಾಡಿನ ಅರಿಯಲೂರಿನ ಬಳಿ ಇನ್ನೊಂದು ಅಪಘಾತ, 140ಕ್ಕೂ ಹೆಚ್ಚು ಸಾವು. ಈ ಸಲ ಬಿಡಲಿಲ್ಲ, ಹೊರಗೆ ಬಂದೇಬಿಟ್ಟರು. ಹಳಿ ಹಾಕಿದವರು ಅವರಲ್ಲ, ರೈಲು ಓಡಿಸಿದವರೂ ಅವರಲ್ಲ. ಇಲಾಖೆಯ ಯಜಮಾನಿಕೆ ನನ್ನದು ಅಂದಮೇಲೆ ಹೊಣೆಯೂ ನನ್ನದು ಅಂದುಕೊಂಡರು. ಈಗಿನವರು ಇದರ ಬಗ್ಗೆ ಭಾಷಣ ಮಾಡುತ್ತಾರೆ. ಹುದ್ದೆ ಬಿಟ್ಟರೆ ಸಂಬಳ ಹೋಗುತ್ತದೆ, ಮನೆಯಲ್ಲಿ ಇಷ್ಟು ಜನ ಊಟಕ್ಕಿದ್ದಾರೆ ಅನ್ನುವುದು ಆ ಭಾಷಣಗಳಲ್ಲಿ ಬರುವುದಿಲ್ಲ.

1961ರಲ್ಲಿ ಗೃಹ ಮಂತ್ರಿಯಾದರು. ಮಾರನೆಯ ವರ್ಷ ಸರ್ಕಾರಿ ಕಚೇರಿಗಳಲ್ಲಿನ ಭ್ರಷ್ಟಾಚಾರ ತಡೆಯಲು ಏನು ಮಾಡಬೇಕು ಅಂತ ಕೆ. ಸಂತಾನಂ ಅವರ ಸಮಿತಿ ನೇಮಿಸಿದರು. ಆ ಸಮಿತಿಯ ಸಲಹೆಯಂತೆ 1964ರ ಫೆಬ್ರುವರಿಯಲ್ಲಿ ಕೇಂದ್ರ ವಿಚಕ್ಷಣಾ ಆಯೋಗ ಹುಟ್ಟಿತು. ಅದರ ಮೊದಲ ಆಯುಕ್ತರು ಯಾರು ಗೊತ್ತಾ? ನಮ್ಮ ನಿಟ್ಟೂರು ಶ್ರೀನಿವಾಸ ರಾಯರು. ಮೈಸೂರು ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾಗಿದ್ದವರು, ಕನ್ನಡ ಪುಸ್ತಕಗಳಿಗಾಗಿ ಬೆಂಗಳೂರಿನಲ್ಲಿ ಸತ್ಯಶೋಧನ ಪ್ರಕಟಣೆಯನ್ನು ಕಟ್ಟಿದವರು, ನೂರು ವರ್ಷ ತುಂಬು ಬದುಕು ಬಾಳಿದವರು. ದೇಶದ ಕಚೇರಿಗಳ ಶುದ್ಧತೆ ಕಾಯುವ ಮೊದಲ ಕೆಲಸ ಕನ್ನಡಿಗರೊಬ್ಬರ ಹೆಗಲಿಗೆ ಬಿತ್ತು ಅನ್ನುವುದು ನಮ್ಮ ಎಷ್ಟು ಸರ್ಕಾರಿ ನೌಕರರಿಗೆ ಗೊತ್ತಿದೆ? ನನಗೇ ಯಾವ ತರಬೇತಿಯಲ್ಲೂ ಯಾರೂ ಹೇಳಿರಲಿಲ್ಲ.

ಅದಕ್ಕೆ ಮುಂಚೆ, 1963ರಲ್ಲಿ ಕಾಮರಾಜ್ ಯೋಜನೆ ಬಂತು. ದೊಡ್ಡ ಮಂತ್ರಿಗಳು ಹುದ್ದೆ ಬಿಟ್ಟು ಪಕ್ಷದ ಕೆಲಸ ಮಾಡಬೇಕು ಅಂತ. ಶಾಸ್ತ್ರಿಯವರೂ ಗೃಹ ಖಾತೆ ಬಿಟ್ಟರು. ಸಂಸದರ ಸಂಬಳದಲ್ಲಿ ಮನೆ ನಡೆಯಬೇಕಾಯಿತು. ಆಗ ಅವರ ಮನೆಗೆ ಹೋದ ಪತ್ರಕರ್ತ ಕುಲದೀಪ್ ನಯ್ಯರ್ ಬರೆದಿದ್ದಾರೆ. ಮನೆ ಕತ್ತಲಾಗಿತ್ತು, ಒಂದು ಕಡೆ ಮಾತ್ರ ದೀಪ ಉರಿಯುತ್ತಿತ್ತು. ಕರೆಂಟ್ ಬಿಲ್ ಇನ್ನು ನಾನೇ ಕಟ್ಟಬೇಕಲ್ಲ ಅಂದರಂತೆ. ಊಟಕ್ಕೆ ಪಲ್ಯ ಒಂದೇ ಬಗೆ. ನಿನ್ನೆಯವರೆಗೂ ದೇಶದ ಗೃಹ ಖಾತೆ ನೋಡಿಕೊಂಡವರ ಮನೆ ಅದು. ಖರ್ಚು ನಿಭಾಯಿಸಲು ಆಮೇಲೆ ಪತ್ರಿಕೆಗಳಿಗೆ ಲೇಖನ ಬರೆಯತೊಡಗಿದರು.

ಇನ್ನು ನಮ್ಮ ಊರ ಕಡೆಯ ಮಾತು. 1964ರ ಮೇ 22ರಂದು ಆಲಮಟ್ಟಿಯಲ್ಲಿ ಕೃಷ್ಣಾ ಮೇಲ್ದಂಡೆ ಅಣೆಕಟ್ಟಿಗೆ ಅಡಿಗಲ್ಲು ಹಾಕಿದವರು ಶಾಸ್ತ್ರಿಯವರೇ. ಆಗ ಅವರು ಖಾತೆಯಿಲ್ಲದ ಮಂತ್ರಿ, ಕಾಯಿಲೆ ಬಿದ್ದಿದ್ದ ನೆಹರೂ ಅವರಿಗೆ ನೆರವಾಗಲೆಂದು ಮತ್ತೆ ಸಂಪುಟಕ್ಕೆ ಬಂದಿದ್ದರು. ಮುಖ್ಯಮಂತ್ರಿ ನಿಜಲಿಂಗಪ್ಪನವರು. ಅಡಿಗಲ್ಲು ಬಿದ್ದು ಐದನೆಯ ದಿನಕ್ಕೆ ನೆಹರೂ ತೀರಿಕೊಂಡರು. ಜೂನ್ 9ರಂದು ಶಾಸ್ತ್ರಿಯವರೇ ಪ್ರಧಾನಿಯಾದರು. ಆ ಅಣೆಕಟ್ಟು ಮುಗಿಯಲು 40 ವರ್ಷಕ್ಕೂ ಜಾಸ್ತಿ ಹಿಡಿಯಿತು. 123 ಟಿಎಂಸಿ ನೀರು ನಿಲ್ಲುವ ಆ ಜಲಾಶಯಕ್ಕೆ ಲಾಲ್ ಬಹದ್ದೂರ್ ಶಾಸ್ತ್ರಿ ಸಾಗರ ಅಂತ ಹೆಸರಿಟ್ಟಿದ್ದೇವೆ. ಅದರ ಹಿನ್ನೀರಿಗೆ ಹಳೆ ಬಾಗಲಕೋಟೆಯ ಓಣಿಗಳು ಹೋದವು, ಎಷ್ಟೋ ಹಳ್ಳಿಗಳು ಹೋದವು. ನಾವು ನವನಗರಕ್ಕೆ ಬಂದದ್ದೂ ಹಾಗೇ. ಮನೆ ಬಿಟ್ಟು ಬಂದವರ ನೋವು ಇನ್ನೂ ಆರಿಲ್ಲ, ಪರಿಹಾರದ ಕಡತ ಹಿಡಿದು ಅಲೆದವರನ್ನು ನಾನು ಕಣ್ಣಾರೆ ಕಂಡಿದ್ದೇನೆ. ಆ ಅಲೆದಾಟದಲ್ಲಿ ಅವರಿಂದ ಕೈ ಬಿಸಿ ಮಾಡಿಸಿಕೊಂಡವರೂ ಇದ್ದರು. ಶಾಸ್ತ್ರಿಯವರ ಹೆಸರಿನ ನೀರಿಗೆ ಮನೆ ಕೊಟ್ಟ ಬಡವನಿಂದ ಲಂಚ ಕೇಳುವುದು! ಇದನ್ನು ನೆನೆದರೆ ಇವತ್ತಿಗೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಆಲಮಟ್ಟಿ ಮೊದಲು ಬಸವನ ಬಾಗೇವಾಡಿ ತಾಲ್ಲೂಕಿಗೆ ಸೇರಿತ್ತು, ಈಗ ನಿಡಗುಂದಿಗೆ ಸೇರಿದೆ. ಬಾಗೇವಾಡಿ ಬಸವಣ್ಣನವರು ಹುಟ್ಟಿದ ನೆಲ. ಅವರೂ ಹೆಂಡತಿ ಮಕ್ಕಳಿದ್ದ ಸಂಸಾರಿಗಳೇ, ಅವರೂ ಅರಸನ ಭಂಡಾರ ನೋಡಿಕೊಂಡವರೇ. ಸಂಸಾರವೂ ಬೇಕು, ಸರ್ಕಾರದ ಹಣವೂ ಶುದ್ಧವಾಗಿರಬೇಕು ಅನ್ನುವುದು ನಮ್ಮ ಈ ನೆಲಕ್ಕೆ ಹೊಸ ಮಾತಲ್ಲ.

ಪ್ರಧಾನಿಯಾದ ಮೇಲಿನ ಕಾರಿನ ವಿಷಯ ಹಲವರಿಗೆ ಗೊತ್ತಿದೆ, ಆದರೆ ಪೂರ್ತಿ ಗೊತ್ತಿಲ್ಲ. ಮಕ್ಕಳು ಶಾಲೆಗೆ ಟಾಂಗಾದಲ್ಲಿ ಹೋಗುತ್ತಿದ್ದರು. ಪ್ರಧಾನಿಯ ಮಕ್ಕಳಾಗಿ ನಮಗೊಂದು ಕಾರಾದರೂ ಬೇಡವೇ ಅಂತ ಹಟ ಮಾಡಿದರು. ಮಕ್ಕಳ ಆಸೆ ಅದು, ತಪ್ಪೇನಿಲ್ಲ. ಶಾಸ್ತ್ರಿಯವರೂ ಬೈಯಲಿಲ್ಲ. ಬೆಲೆ ಎಷ್ಟು ಅಂತ ಕೇಳಿಸಿದರು. ಫಿಯೆಟ್ ಕಾರಿಗೆ 12,000 ರೂಪಾಯಿ. ಬ್ಯಾಂಕಿನಲ್ಲಿ ಇದ್ದದ್ದು 7,000. ಉಳಿದ 5,000ಕ್ಕೆ ಪಂಜಾಬ್ ನ್ಯಾಷನಲ್ ಬ್ಯಾಂಕಿನಲ್ಲಿ ಸಾಲಕ್ಕೆ ಅರ್ಜಿ ಹಾಕಿದರು. ಅವತ್ತೇ ಮಂಜೂರಾಯಿತು. ಸಾಮಾನ್ಯ ಜನರಿಗೂ ಇಷ್ಟೇ ಬೇಗ ಸಾಲ ಕೊಡುತ್ತೀರಾ ಅಂತ ಕೇಳಿದರಂತೆ. ಮಕ್ಕಳ ಆಸೆಯನ್ನು ಅವರು ತಳ್ಳಿಹಾಕಲಿಲ್ಲ, ಅದಕ್ಕಾಗಿ ಯಾರ ಮುಂದೆಯೂ ಕೈ ಒಡ್ಡಲಿಲ್ಲ, ತಮ್ಮ ಹೆಸರಿನಲ್ಲಿ ಸಾಲ ಮಾಡಿ ತಂದರು. ಮಕ್ಕಳಿಗಾಗಿ ಮಾಡುವುದು ಅಂದರೆ ಹೀಗೆ.

ಸರ್ಕಾರಿ ಕಾರಿನ ಇನ್ನೊಂದು ಸಂಗತಿಯನ್ನು ಮಗ ಸುನಿಲ್ ಶಾಸ್ತ್ರಿಯವರೇ ಹೇಳಿಕೊಂಡಿದ್ದಾರೆ. ಪ್ರಧಾನಿಗೆ ಅಂತ ಇಂಪಾಲಾ ಕಾರು ಇತ್ತು. ಒಂದು ದಿನ ಅಪ್ಪನಿಗೆ ಹೇಳದೆ ಸುನಿಲ್ ಅದನ್ನು ತೆಗೆದುಕೊಂಡು ಸುತ್ತಾಡಿ ಬಂದರು. ಮರುದಿನ ಶಾಸ್ತ್ರಿಯವರು ಡ್ರೈವರ್‌ನನ್ನು ಕರೆದು, ಕಾರು ಎಷ್ಟು ಓಡಿತು ಅಂತ ಕೇಳಿದರು. 14 ಕಿಲೋಮೀಟರ್ ಅಂದ. ಸ್ವಂತ ಬಳಕೆ ಅಂತ ಬರೆದುಕೋ ಅಂದರು. ಅಷ್ಟಕ್ಕೆ ಆಗುವ ಹಣವನ್ನು ಸರ್ಕಾರಕ್ಕೆ ಕಟ್ಟುವಂತೆ ಲಲಿತಾ ಅವರಿಗೆ ಹೇಳಿದರು. ಮಗನಿಗೆ ಒಂದು ಏಟೂ ಬೀಳಲಿಲ್ಲ. ಆದರೆ ಅಪ್ಪ ಪ್ರಧಾನಿ ಆದ ಮಾತ್ರಕ್ಕೆ ಅಪ್ಪನ ಕಾರು ನಮ್ಮದಾಗುವುದಿಲ್ಲ ಅಂತ ಮಗನಿಗೆ ಗೊತ್ತಾಯಿತು. ನಾವು ಕಚೇರಿಗಳಲ್ಲಿ ನೋಡುವ ಜೀಪುಗಳು ಬೆಳಗ್ಗೆ ಸಾಹೇಬರ ಮಕ್ಕಳನ್ನು ಶಾಲೆಗೆ ಬಿಟ್ಟು, ಮಧ್ಯಾಹ್ನ ಬುತ್ತಿ ಹೊತ್ತು, ಸಂಜೆ ಸಂತೆ ಮಾಡಿಕೊಂಡು ಬರುತ್ತವೆ. ಲಾಗ್ ಪುಸ್ತಕದಲ್ಲಿ ಮಾತ್ರ ಸ್ಥಳ ಪರಿಶೀಲನೆ ಅಂತ ಇರುತ್ತದೆ. ಆ ಪುಸ್ತಕಗಳಿಗೆ ಮುದ್ರೆ ಒತ್ತಿದವರಲ್ಲಿ ನಾನೂ ಇದ್ದೆ, ಆದ್ದರಿಂದ ಗೊತ್ತಿದ್ದೇ ಹೇಳುತ್ತಿದ್ದೇನೆ.

1965ರಲ್ಲಿ ದೇಶದಲ್ಲಿ ಧಾನ್ಯದ ಅಭಾವ, ಮೇಲೆ ಪಾಕಿಸ್ತಾನದ ಜೊತೆ ಯುದ್ಧ. ಅಮೆರಿಕದಿಂದ ಹಡಗಿನಲ್ಲಿ ಬರುವ ಗೋಧಿಯನ್ನು ನಂಬಿಕೊಂಡು ಕೂರುವ ಪರಿಸ್ಥಿತಿ. ವಾರಕ್ಕೆ ಒಂದು ಹೊತ್ತು ಊಟ ಬಿಡಿ ಅಂತ ಶಾಸ್ತ್ರಿಯವರು ದೇಶವನ್ನು ಕೇಳಿಕೊಂಡರು. ಸೋಮವಾರ ಸಂಜೆ ಹೋಟೆಲುಗಳು ಬಾಗಿಲು ಹಾಕಿದವು. ಆದರೆ ಹಾಗೆ ಕೇಳುವ ಮುಂಚೆ ಅವರು ಹೆಂಡತಿಗೆ, ಇವತ್ತು ಸಂಜೆ ಒಲೆ ಹಚ್ಚಬೇಡ ಅಂದಿದ್ದರು. ನಮ್ಮ ಮಕ್ಕಳು ಒಂದು ಹೊತ್ತು ಹಸಿದಿರಬಲ್ಲರೋ ಇಲ್ಲವೋ ನೋಡೋಣ, ಆಮೇಲೆ ಬೇರೆಯವರ ಮಕ್ಕಳಿಗೆ ಹೇಳೋಣ ಅಂತ. ಇದನ್ನೂ ಅನಿಲ್ ಶಾಸ್ತ್ರಿಯವರೇ ಹೇಳಿದ್ದಾರೆ. ಮನೆಯ ಹುಲ್ಲುಹಾಸನ್ನು ಅಗೆದು ಗೋಧಿಯನ್ನೂ ಬಿತ್ತಿದರು.

ನಮ್ಮ ಕಡೆ ಸೋಮವಾರ ಹೇಗೂ ಶಿವನ ವಾರ. ಒಪ್ಪತ್ತು ಮಾಡುವವರು ಮೊದಲೇ ಇದ್ದರು. ಶಾಸ್ತ್ರಿಯವರ ಮಾತಿನ ಮೇಲೆ ಮಕ್ಕಳು, ಗಂಡಸರು, ಒಪ್ಪತ್ತಿನ ರೂಢಿಯೇ ಇಲ್ಲದವರೂ ಸೇರಿಕೊಂಡರು ಅಂತ ನಮ್ಮವ್ವ ಹೇಳುತ್ತಿದ್ದಳು. ಯಾರೂ ಬಂದು ಪರೀಕ್ಷೆ ಮಾಡುತ್ತಿರಲಿಲ್ಲ, ದಂಡ ಇರಲಿಲ್ಲ. ದೆಹಲಿಯ ಆ ಸಣ್ಣ ದೇಹದ ಮನುಷ್ಯ ತಾನೂ ಉಪವಾಸ ಇದ್ದಾನೆ ಅನ್ನುವ ನಂಬಿಕೆ ಇತ್ತು. ಅವ್ವನಿಗೆ ಓದು ಬರುತ್ತಿರಲಿಲ್ಲ, ಪ್ರಧಾನಿ ಅಂದರೆ ಏನು ಕೆಲಸ ಅಂತಲೂ ಸರಿಯಾಗಿ ತಿಳಿದಿರಲಿಲ್ಲ. ‘ಶಾಸ್ತ್ರಿ ಉಂಡಿಲ್ಲ, ನಾವೂ ಉಣ್ಣಬಾರದು’ ಅನ್ನುವುದು ಮಾತ್ರ ತಿಳಿದಿತ್ತು. ದೇಶ ಉಪವಾಸವೊಂದರಿಂದಲೇ ಉಳಿಯಲಿಲ್ಲ, ನಿಜ. ಆಹಾರ ಮಂತ್ರಿ ಸಿ. ಸುಬ್ರಮಣ್ಯಂ ಅವರ ಬೆನ್ನಿಗೆ ನಿಂತು ಹೊಸ ಗೋಧಿ ತಳಿಗಳಿಗೆ ದಾರಿ ಮಾಡಿದರು, 1965ರಲ್ಲಿ ಆಹಾರ ನಿಗಮ ಶುರುವಾಯಿತು, ಆನಂದ್ ಬಳಿಯ ಹಳ್ಳಿಯೊಂದರಲ್ಲಿ ರಾತ್ರಿ ತಂಗಿ ರೈತರ ಜೊತೆ ಮಾತಾಡಿ ಬಂದ ಮೇಲೆ ಡೇರಿ ಮಂಡಳಿಯೂ ಹುಟ್ಟಿತು. ಹತ್ತೊಂಬತ್ತು ತಿಂಗಳಲ್ಲಿ ಮಾಡಿದ ಕೆಲಸ ಇದು.

1966ರ ಜನವರಿ 10ರಂದು ತಾಷ್ಕೆಂಟಿನಲ್ಲಿ ಪಾಕಿಸ್ತಾನದ ಜೊತೆ ಒಪ್ಪಂದಕ್ಕೆ ಸಹಿ ಹಾಕಿದರು. ಗೆದ್ದಿದ್ದ ಹಾಜಿ ಪೀರ್ ಕಣಿವೆಯನ್ನು ವಾಪಸ್ ಕೊಡಬೇಕಾಗಿತ್ತು. ಊರಿನಲ್ಲಿ ಜನ ಏನಂದಾರು ಅನ್ನುವ ಚಿಂತೆ ಅವರಿಗಿತ್ತು. ಆ ರಾತ್ರಿ ಅವರು ಮನೆಗೆ ಫೋನ್ ಮಾಡಿದರು. ಅಲ್ಲಿಗೆ ಹೋಗಿದ್ದ ಕುಲದೀಪ್ ನಯ್ಯರ್ ಬರೆದಿರುವ ಪ್ರಕಾರ, ನಿಮಗೆ ಹೇಗನ್ನಿಸಿತು ಅಂತ ಮಗಳನ್ನು ಕೇಳಿದರು. ನಮಗೆ ಇಷ್ಟವಾಗಲಿಲ್ಲ ಅಂದಳು ಮಗಳು. ಅಮ್ಮನಿಗೆ? ಅಮ್ಮನಿಗೂ ಇಲ್ಲ. ಲಲಿತಾ ಫೋನಿಗೆ ಬರಲಿಲ್ಲ. ಮನೆಯವರಿಗೇ ಹಿಡಿಸದಿದ್ದರೆ ಹೊರಗಿನವರು ಏನನ್ನುತ್ತಾರೋ ಅಂತ ಅವರು ನೊಂದುಕೊಂಡರು. ಕೆಲವೇ ಗಂಟೆಗಳಲ್ಲಿ, 11ರ ನಸುಕಿಗೂ ಮುಂಚೆ, ಅವರು ಇರಲಿಲ್ಲ. 61 ವರ್ಷ.

ಸಾವಿನ ಬಗ್ಗೆ ಜಗಳಾಡುವವರಿಗೆ ಈ ಫೋನ್ ಕರೆ ಒಂದು ಸುಳಿವು ಮಾತ್ರ. ನನಗೆ ಅದರಲ್ಲಿ ಕಾಣುವುದು ಬೇರೆ. ಎರಡು ದೊಡ್ಡ ದೇಶಗಳ ನಡುವೆ ಸಹಿ ಹಾಕಿ ಬಂದ ಪ್ರಧಾನಿ ಮೊದಲು ಕೇಳಿದ್ದು ಮನೆಯವರ ಅಭಿಪ್ರಾಯ. ಆ ಮನೆಯವರೂ ಹೌದಪ್ಪ ಅನ್ನುವವರಲ್ಲ, ಇದ್ದದ್ದನ್ನು ಇದ್ದ ಹಾಗೆ ಹೇಳುವವರು. ಅಂಥ ಹೆಂಡತಿ, ಅಂಥ ಮಕ್ಕಳು ಇದ್ದದ್ದರಿಂದಲೇ ಅವರು ಅಷ್ಟು ನೇರವಾಗಿ ಬದುಕಲು ಆಯಿತು ಅಂತ ನನ್ನ ನಂಬಿಕೆ. ಆದರೆ ಮಾತಾಡದೆಯೇ ಗಂಡನನ್ನು ಕಳಿಸಿಕೊಟ್ಟೆನಲ್ಲ ಅನ್ನುವ ನೋವು ಲಲಿತಾ ಅವರನ್ನು ಎಷ್ಟು ಕಾಡಿರಬೇಕು ಅಂತಲೂ ಯೋಚಿಸುತ್ತೇನೆ.

ಅವರು ಹೋದಾಗ ಸ್ವಂತದ್ದು ಅಂತ ಮನೆ ಇರಲಿಲ್ಲ. ಕಾರಿನ ಸಾಲ ಇತ್ತು. ಸಾಲವನ್ನು ಮನ್ನಾ ಮಾಡಿಸಿಕೊಡುವ ಮಾತು ಬಂದರೂ ಲಲಿತಾ ಒಪ್ಪಲಿಲ್ಲ. ತಮಗೆ ಬರುತ್ತಿದ್ದ ಪಿಂಚಣಿಯಿಂದ ಕಂತು ಕಂತಾಗಿ ತೀರಿಸಿದರು. 40 ರೂಪಾಯಿಯಲ್ಲಿ ಮನೆ ನಡೆಸಿದ ಹೆಣ್ಣುಮಗಳಿಗೆ ಅದೇನೂ ಹೊಸದಲ್ಲ. 1993ರವರೆಗೆ ಅವರು ಬದುಕಿದ್ದರು. ಆ ಕಾರು ಈಗಲೂ ದೆಹಲಿಯಲ್ಲಿ ಶಾಸ್ತ್ರಿಯವರ ಸ್ಮಾರಕದಲ್ಲಿದೆ.

ಸಂಪಾದಕರೇ, ನಾನು ಕೇಳುವುದು ಜಾಸ್ತಿ ಏನಿಲ್ಲ. ಆಲಮಟ್ಟಿಯ ಉದ್ಯಾನ, ಕಾರಂಜಿ ನೋಡಲು ರಜೆ ಬಂತೆಂದರೆ ಬಸ್ಸುಗಟ್ಟಲೆ ಮಕ್ಕಳು ಬರುತ್ತಾರೆ. ಶಾಸ್ತ್ರಿಯವರ ಈ ಮನೆಯ ಬದುಕನ್ನು, ಲಲಿತಾ ಅವರ ಹೆಸರು ಸೇರಿಸಿ, ಆ ಮಕ್ಕಳು ನಿಂತು ಓದುವ ಹಾಗೆ ಕನ್ನಡದಲ್ಲಿ ಬರೆದು ಹಾಕಲಿ. ಹೊಸದಾಗಿ ಸೇರುವ ಸರ್ಕಾರಿ ನೌಕರರ ತರಬೇತಿಯಲ್ಲಿ ನಿಯಮಗಳನ್ನು ಹೇಳುವ ಹಾಗೆ ಆ 14 ಕಿಲೋಮೀಟರಿನ ವಿಷಯವನ್ನೂ ನಿಟ್ಟೂರರ ವಿಷಯವನ್ನೂ ಹೇಳಲಿ. ನಿಮ್ಮ ಪತ್ರಿಕೆಯಾದರೂ ಬರುವ ಅಕ್ಟೋಬರ್ 2ಕ್ಕೆ ಆ ಪುಟ್ಟ ಚೌಕವನ್ನು ಸ್ವಲ್ಪ ದೊಡ್ಡದು ಮಾಡಿ, ಗಂಡ ಹೆಂಡತಿ ಇಬ್ಬರೂ ಇರುವ ಒಂದು ಫೋಟೊ ಹಾಕಿ.

ಇಂತಿ ನಿಮ್ಮ ಓದುಗಳು,
ನಿವೃತ್ತ ಸರ್ಕಾರಿ ನೌಕರಳು,
ನವನಗರ, ಬಾಗಲಕೋಟೆ